ಟಿಣ್

ಮಳೆಯಲ್ಲಿ ಇಳಿಜಾರು ಇಳಿಯುತ್ತಿದ್ದೆ. ರಿಮ್ಮನ್ನು ಅದುಮಿ ನಿಲ್ಲಿಸುವ ಹಳೆಯ ಕಾಲದ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದೆ. ಸೈಕಲ್ಲು ತನಗಲ್ಲ ಎನ್ನುವ ಹಾಗೆ ಮುಂದೆ ಹೋಗಿ, ರಿಮ್ಮಿನ ನೀರೆಲ್ಲ ಒರೆಸಿಕೊಂಡ ಮೇಲೆ ನಿಧಾನಕ್ಕೆ ನಿಂತಿತು. ಎದುರಿನ ಗೇಟಿಗೂ ಟೈರಿಗೂ ನಡುವೆ ಒಂದು ಗೇಣು ಉಳಿದಿತ್ತು.

ಇದನ್ನು ಗೆಳೆಯನ ಹತ್ತಿರ ಹೇಳಿದ್ದೇ ತಪ್ಪಾಯಿತು. "ಡಿಸ್ಕ್ ಬ್ರೇಕ್ ಹಾಕಿಬಿಡು ಮಾರಾಯ, ಅದೇನು ಮಹಾ" ಎಂದ. ಈ "ಅದೇನು ಮಹಾ" ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರ ಉಗುರಿನ ಸಂದಿಯಲ್ಲಿ ಎಂದೂ ಗ್ರೀಸ್ ಇರುವುದಿಲ್ಲ.

ಡಿಸ್ಕ್ ಕೂರಿಸಲು ಬೇರೆ ಹಬ್, ಅಂದರೆ ಚಕ್ರದ ನಡುವಿನ ಗುಂಬ, ಬೇಕು. ಹಬ್ ಬದಲಾದರೆ ಚಕ್ರವನ್ನೇ ಹೊಸದಾಗಿ ಕಟ್ಟಬೇಕು. ಡಿಸ್ಕನ್ನು ಎರಡು ಪ್ಯಾಡಿನ ನಡುವೆ ಅದುಮುವ ಇಕ್ಕಳ, ಅದೇ ಕ್ಯಾಲಿಪರ್, ಕೂರಲು ಮುಂದಿನ ಚಕ್ರ ಹಿಡಿಯುವ ಫೋರ್ಕಿನಲ್ಲಿ ಜಾಗ ಬೇಕು, ನನ್ನ ಫೋರ್ಕಿನಲ್ಲಿ ಇಲ್ಲ. ಹಿಂದಿನ ಚಕ್ರದ್ದಂತೂ ಕೇಳಲೇಬೇಡಿ. ಅದು ಕೂರುವಲ್ಲಿ ಫ್ರೇಮಿನ ಅಗಲ 130 ಮಿ.ಮೀ., ಡಿಸ್ಕ್ ಹಬ್ 135. ಕೌಪೀನ ಕಡಿಯುವ ಇಲಿಗೆ ಬೆಕ್ಕು, ಬೆಕ್ಕಿನ ಹಾಲಿಗೆ ಹಸು ತಂದ ಸನ್ಯಾಸಿಯ ಮೇಲೆ ಮೊದಲ ಸಲ ಗೌರವ ಬಂತು. ಮುಂದಿನದೊಂದು ಸಾಕು ಎಂದುಕೊಂಡೆ. ಹೊಸ ಫೋರ್ಕು, ಹೊಸ ಚಕ್ರ, 160 ಮಿ.ಮೀ. ರೋಟರ್ (ಡಿಸ್ಕ್ ಎನ್ನುವುದು ಇದನ್ನೇ), ಕೇಬಲ್ಲಿನಿಂದ ಎಳೆಯುವ ಕ್ಯಾಲಿಪರ್. ಅದರಲ್ಲೂ ಎರಡು ಜಾತಿ. ಹಳೆಯ ಲಿವರ್ ಕೇಬಲ್ಲನ್ನು ಎಷ್ಟು ಎಳೆಯುತ್ತದೋ ಅಷ್ಟಕ್ಕೆ ಒಗ್ಗುವುದೇ ಬೇಕು. ನಾನು ಮೊದಲು ತಂದದ್ದು ಇನ್ನೊಂದು ಜಾತಿಯದು. ಆ ವಿಷಯ ಬೇಡ.

ಎಲ್ಲ ಜೋಡಿಸಿ ಚಕ್ರ ತಿರುಗಿಸಿದೆ. ಟಿಣ್.

ಒಂದು ಸುತ್ತಿಗೆ ಒಂದೇ ಟಿಣ್. ಎರಡು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಕ್ಯಾಲಿಪರಿನ ಎರಡು ಬೋಲ್ಟ್ ಸಡಿಲ ಮಾಡಿ, ಲಿವರ್ ಒತ್ತಿ ಹಿಡಿದು, ಮತ್ತೆ ಬಿಗಿ ಮಾಡಬೇಕು. ಮಾಡಿದೆ. ಆದರೆ ಬೋಲ್ಟು ಕೊನೆಯ ಕಾಲು ಸುತ್ತಿನಲ್ಲಿ ಕ್ಯಾಲಿಪರನ್ನೂ ಕೂದಲೆಳೆಯಷ್ಟು ಎಳೆದುಕೊಂಡು ಹೋಗುತ್ತದೆ. ಟಿಣ್. ಆಚೆ ಬದಿಗೆ ಬಿಳಿ ಹಾಳೆ ಇಟ್ಟು, ಟಾರ್ಚ್ ಬಿಟ್ಟು, ನೆಲದ ಮೇಲೆ ಕೆನ್ನೆಯಿಟ್ಟು ಒಂದೇ ಕಣ್ಣಲ್ಲಿ ನೋಡಿದೆ. ಎಡಕ್ಕೆ ಬೆಳಕಿನ ಒಂದು ಗೆರೆ, ಬಲಕ್ಕೆ ಒಂದು ಗೆರೆ, ನಡುವೆ ರೋಟರ್. ಚಕ್ರ ತಿರುಗುತ್ತಾ ಒಂದು ಕಡೆ ಬಂದಾಗ ಬಲಗಡೆಯ ಗೆರೆ ಸುಮ್ನೆ ಮಾಯವಾಗುತ್ತಿತ್ತು. ರೋಟರೇ ಅಲ್ಲಿ ಸೊಟ್ಟ! ಬೆರಳಿನಿಂದ ಮೆಲ್ಲಗೆ ಬಾಗಿಸಿದೆ. ಚೈನಿನ ಎಣ್ಣೆ ಮೆತ್ತಿದ ಬೆರಳು. ಆಮೇಲೆ ಬ್ರೇಕ್ ಹಿಡಿದಾಗ ಬಂದ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು. ಸ್ಪಿರಿಟ್ ಹಾಕಿ ರೋಟರ್ ಒರೆಸಿದೆ, ಪ್ಯಾಡ್ ಉಜ್ಜಿದೆ. ಹೀಗೆ ಮೂರು ಸಂಜೆ ಹೋದವು. "ಅಪ್ಪಾ, ಇನ್ನು ಬೆಲ್ ಬೇಡ ಅಲ್ವಾ" ಎಂದಳು ಮಗಳು.

ಮೂರನೆಯ ಸಂಜೆ ನೆಲದ ಮೇಲೆ ಮಲಗಿದ್ದಾಗ ಹೊಳೆಯಿತು. ಹಳೆಯ ರಿಮ್ಮು ಕೂಡ ಒಂದು ಡಿಸ್ಕೇ ಅಲ್ಲವೇ, ಇದಕ್ಕಿಂತ ಎಷ್ಟೋ ದೊಡ್ಡದು? ಹಾಗಾದರೆ ನಾನು ಬದಲಾಯಿಸಿದ್ದಾದರೂ ಏನನ್ನು? ಇಲ್ಲೇನೋ ದೊಡ್ಡ ವಿಚಾರವಿದೆ ಎಂದು ಎದ್ದು ಕೂರುವಷ್ಟರಲ್ಲಿ ಸ್ಪಾನರ್ ಕಾಲ ಮೇಲೆ ಬಿತ್ತು. ವಿಚಾರ ಮರೆತುಹೋಯಿತು.

ಒಪ್ಪಿಕೊಳ್ಳುತ್ತೇನೆ, ಈಗ ಮಳೆಯಲ್ಲೂ ನಿಲ್ಲು ಎಂದಲ್ಲಿ ನಿಲ್ಲುತ್ತದೆ. ಗೆಳೆಯ ಬಂದು ಮುಂದಿನ ಚಕ್ರ ಎತ್ತಿ ತಿರುಗಿಸಿ, "ನೋಡು, ಅದೇನು ಮಹಾ ಅಂದೆನಲ್ಲ. ಹಿಂದಿನದು ಯಾವಾಗ?" ಎಂದ.

ಅವನಿಗೆ ಟಿಣ್ ಕೇಳಿಸಲೇ ಇಲ್ಲವಂತೆ.