ನಂಬರ್ ಚಿಕ್ಕದು ಮಾಡಿ ಅನ್ನಬೇಡಿ

ಕಬಡ್ಡಿ ಟೂರ್ನಿ ಹತ್ತಿರ ಬಂತೆಂದರೆ ಜೆರ್ಸಿ ಡಿಸೈನ್ ಮಾಡುವ ನಮಗೆ ತಲೆನೋವು ಶುರು. ಪ್ರಾಯೋಜಕರ ಲೋಗೋಗಳು ವಾಟ್ಸಾಪ್ ಫೋಟೋಗಳಾಗಿ ಬರುತ್ತವೆ. ಅಲ್ಲಿ ಮೊದಲೇ ಕುಗ್ಗಿದ ಚಿತ್ರ, ಎದೆಯಗಲ ಹಿಗ್ಗಿಸಿದರೆ ಅಂಚೆಲ್ಲ ಮಸುಕು. ಎಷ್ಟು ಹಿಗ್ಗಿಸಿದರೂ ಮಸುಕಾಗದ ವೆಕ್ಟರ್ ಫೈಲ್ ಕೊಡಿ ಅಂದರೆ ಅದೇ ಫೋಟೋವನ್ನು ಪಿಡಿಎಫ್ ಮಾಡಿ ಕಳಿಸುತ್ತಾರೆ! ರಾತ್ರಿ ಕೂತು ಒಂದೊಂದನ್ನೂ ಕೋರೆಲ್‌ಡ್ರಾ ಸಾಫ್ಟ್‌ವೇರ್‌ನಲ್ಲಿ ಹೊಸದಾಗಿ ಬಿಡಿಸಬೇಕು. ಅದಕ್ಕೆ ಕಾಸಿಲ್ಲ.

ಇದಕ್ಕಿಂತ ಜಾಸ್ತಿ ಬೇಸರ ಬೆನ್ನಿನ ನಂಬರಿನದು. ರೇಡ್‌ಗೆ ಹೋದವರು ಯಾರು ಅಂತ ದೂರ ಕೂತವರಿಗೆ, ಅಂಕ ಬರೆಯುವವರಿಗೆ ಗೊತ್ತಾಗುವುದು ಅದರಿಂದಲೇ ಅಲ್ವಾ? ಆದರೆ ಇನ್ನೊಬ್ಬ ಪ್ರಾಯೋಜಕರು ಸಿಕ್ಕ ತಕ್ಷಣ ‘ಅವರ ಲೋಗೋಗೆ ಜಾಗ ಬೇಕು, ನಂಬರ್ ಸ್ವಲ್ಪ ಚಿಕ್ಕದು ಮಾಡಿ’ ಅಂತ ಫೋನ್. ಅದೂ ಪ್ರಿಂಟಿಗೆ ಹೋದಮೇಲೆ. ಸಬ್ಲಿಮೇಷನ್‌ನಲ್ಲಿ, ಅಂದರೆ ಶಾಖ ಕೊಟ್ಟು ಬಟ್ಟೆಗೆ ಬಣ್ಣ ಹತ್ತಿಸುವ ಪ್ರಿಂಟಿನಲ್ಲಿ, ಬಣ್ಣ ನೂಲಿನೊಳಗೇ ಇಳಿಯುತ್ತದೆ. ಅಳಿಸಿ ತಿದ್ದಲು ಆಗುವುದೇ ಇಲ್ಲ.