ಗಟ್ಟಿ ಬೇಯುವಾಗ ಓದುವವರು ಯಾರು?

ಪುಣೆಗೆ ಬಂದು ಆರು ವರ್ಷವಾಯಿತು, ಮದುವೆಯಾಗಿ ಎರಡು. ಮೊದಲೆಲ್ಲ ದೀಪಾವಳಿ ಅಂದರೆ ನನಗೆ ರಾತ್ರಿ ಬಸ್ಸಿನ ಟಿಕೆಟಿನ ತಲೆಬಿಸಿ, ಅಷ್ಟೇ. ಹೇಗಾದರೂ ಒಂದು ಸೀಟು ಹಿಡಿದು ಬೆಳಿಗ್ಗೆ ಉಡುಪಿ ಹತ್ತಿರದ ನಮ್ಮೂರು ಕಟಪಾಡಿಯಲ್ಲಿ ಇಳಿದುಬಿಟ್ಟರೆ ಹಬ್ಬ ಮುಗಿದ ಹಾಗೆ. ಹಾಗಾಗಿ ಪುಣೆಯವರ ದೀಪಾವಳಿ ಹೇಗಿರುತ್ತದೆ ಅಂತ ಸರಿಯಾಗಿ ನೋಡಿದ್ದೇ ಮದುವೆಯಾದ ವರ್ಷ. ಆ ಸಲ ಹೆಂಡತಿಗೆ ರಜೆ ಸಿಗಲಿಲ್ಲ. ಹೊಸ ಅಳಿಯ ಮೊದಲ ದೀಪಾವಳಿಗೇ ಬರಲಿಲ್ಲ ಎಂಬ ಮಾತು ಮಂಗಳೂರಿನ ಮಾವನ ಮನೆಯಲ್ಲಿ ಈಗಲೂ ಆಗಾಗ ಏಳುತ್ತದೆ.

ಹಬ್ಬಕ್ಕೆ ಎರಡು ದಿನ ಮುಂಚೆ ಎದುರು ಮನೆಯ ಕಾಕೂ ಬಂದರು. ಕೈಯಲ್ಲಿ ಸ್ಟೀಲ್ ತಟ್ಟೆ, ಮೇಲೆ ಕ್ರೋಶಾ ಹೆಣೆದ ಬಟ್ಟೆ. ಬಟ್ಟೆ ಸರಿಸಿದರೆ ಚಕ್ಲಿ, ಚಿವಡಾ, ಕರಂಜಿ, ಶಂಕರಪಾಳೆ, ಎರಡು ಬೇಸನ್ ಲಾಡು. ಇದಕ್ಕೆ ಫರಾಳ್ ಅಂತ ಹೆಸರು. ತಟ್ಟೆಯ ಅಡಿಯಲ್ಲಿ ಒಂದು ದಪ್ಪ ಪತ್ರಿಕೆ ಇತ್ತು. ತಟ್ಟೆಗೆ ಆಧಾರಕ್ಕೆ ಹಿಡಿದಿದ್ದಾರೆ ಅಂದುಕೊಂಡೆ. ಅಲ್ಲ, ಅದೂ ನಮಗೇ. ‘ತಟ್ಟೆ ಯಾವಾಗ ಬೇಕಾದರೂ ಕೊಡು. ಅಂಕ ಮಾತ್ರ ಎಂಟು ದಿನದಲ್ಲಿ ವಾಪಸ್ ಬೇಕು, ಮೇಲಿನ ಮನೆಯವರು ಕಾಯ್ತಾ ಇದ್ದಾರೆ’ ಅಂದರು ಮರಾಠಿಯಲ್ಲಿ.

ದಿವಾಳಿ ಅಂಕ, ಅಂದರೆ ಮರಾಠಿಯ ದೀಪಾವಳಿ ವಿಶೇಷಾಂಕದ ಜೊತೆ ನನ್ನ ಪರಿಚಯ ಆದದ್ದು ಹೀಗೆ.

ಮರಾಠಿಯವರಿಗೆ ಇದು ನೂರು ವರ್ಷ ದಾಟಿದ ಅಭ್ಯಾಸ. 1909ರಲ್ಲಿ ಕಾಶೀನಾಥ ರಘುನಾಥ ಮಿತ್ರ ಅನ್ನುವವರು ತಮ್ಮ ‘ಮನೋರಂಜನ’ ಪತ್ರಿಕೆಯ ದೀಪಾವಳಿ ಸಂಚಿಕೆ ತಂದರು. ಅಲ್ಲಿಂದ ಶುರುವಾದದ್ದು ನಿಂತಿಲ್ಲ. ಈಗ ಪ್ರತಿ ವರ್ಷ ನೂರಾರು ಅಂಕಗಳು ಬರುತ್ತವೆ. ಕಥೆಗೆ ಬೇರೆ, ಹಾಸ್ಯಕ್ಕೆ ಬೇರೆ, ಮಕ್ಕಳಿಗೆ ಬೇರೆ, ಜ್ಯೋತಿಷ್ಯಕ್ಕೂ ಬೇರೆ. ‘ಆವಾಜ್’ ಅಂತ ಒಂದು ಹಾಸ್ಯದ ಅಂಕ ಇದೆ. ಅದರಲ್ಲಿ ಕಿಟಕಿ ಚಿತ್ರಗಳು ಬರುತ್ತವೆ. ಪುಟದಲ್ಲಿ ಕತ್ತರಿಸಿದ ಪುಟ್ಟ ಕಿಟಕಿ. ಅದರಿಂದ ಇಣುಕಿದರೆ ಏನೋ ಪೋಲಿ ಚಿತ್ರ ಇರಬೇಕು ಅನ್ನಿಸುತ್ತದೆ. ಪುಟ ತಿರುಗಿಸಿದರೆ ಪಾಪ, ಯಾರೋ ಹಿಟ್ಟು ನಾದುತ್ತಿರುತ್ತಾರೆ. ಅಪ್ಪಾ ಬಳವಂತ ಚೌಕದಲ್ಲಿ, ಪುಸ್ತಕದ ಅಂಗಡಿಗಳೇ ತುಂಬಿರುವ ಜಾಗವದು, ಹಬ್ಬದ ಮುಂಚಿನ ಶನಿವಾರ ಹೋಗಿದ್ದೆ. ಒಂದು ಕೈಯಲ್ಲಿ ಆಕಾಶಬುಟ್ಟಿ, ಇನ್ನೊಂದರಲ್ಲಿ ನಾಲ್ಕು ಅಂಕ ಹಿಡಿದುಕೊಂಡ ಗಂಡಸರು, ಹೆಂಗಸರು. ಒಂದೊಂದಕ್ಕೆ ಇನ್ನೂರು, ಮುನ್ನೂರು ರೂಪಾಯಿ. ಕೊಳ್ಳಲು ಆಗದವರಿಗೆ ಬಡಾವಣೆಯ ವಾಚನಾಲಯದಲ್ಲಿ ಬೇರೆ ಯೋಜನೆ: ಇಷ್ಟು ದುಡ್ಡು ಕಟ್ಟಿ, ಕೆಲವು ತಿಂಗಳು ಒಂದರ ಮೇಲೊಂದು ಒಯ್ದು ಓದಿ. ನಮ್ಮ ಸೊಸೈಟಿಯಲ್ಲಂತೂ ಹತ್ತು ಮನೆಯವರು ಸೇರಿ ಹದಿನೈದು ಅಂಕ ತರಿಸುತ್ತಾರೆ. ಯಾರ ಮನೆಗೆ ಯಾವುದು ಯಾವಾಗ ಅಂತ ಚೀಟಿ ಲಿಫ್ಟ್ ಹತ್ತಿರ ಅಂಟಿಸಿರುತ್ತಾರೆ. ನೀರಿನ ಟ್ಯಾಂಕರ್ ವಿಷಯಕ್ಕೂ ಅಷ್ಟು ಶಿಸ್ತು ಇಲ್ಲ.

ನಾನು ಎಲ್ಲ ಹೊರನಾಡಿನವರೂ ಮಾಡುವುದನ್ನೇ ಮಾಡಿದೆ. ನೋಡಿ ಇವರನ್ನು, ನಮ್ಮವರು ಓದುವುದೇ ಇಲ್ಲ ಅಂತ ಊರಿನ ಗೆಳೆಯರಿಗೆ ಫೋನಿನಲ್ಲಿ ಹೇಳಿಕೊಂಡು ತಿರುಗಿದೆ.

ಹೆಂಡತಿ ಒಂದು ದಿನ ತಡೆದಳು. ಇವಳು ಮಂಗಳೂರಿನವಳು, ಊರಿನ ಮಾತು ಬಂದರೆ ಸುಮ್ನೆ ಇರುವವಳಲ್ಲ. ‘ಕನ್ನಡದ ಮೊದಲ ಪತ್ರಿಕೆ ಎಲ್ಲಿ ಬಂದದ್ದು ಹೇಳಿ’ ಅಂದಳು. ಮಂಗಳೂರ ಸಮಾಚಾರ, 1843ರ ಜುಲೈ 1, ಬಾಸೆಲ್ ಮಿಶನ್‌ನ ಹರ್ಮನ್ ಮೋಗ್ಲಿಂಗ್. ಮಿತ್ರರ ದೀಪಾವಳಿ ಸಂಚಿಕೆಗಿಂತ 66 ವರ್ಷ ಮೊದಲು. ಕಿಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಅಲ್ಲೇ. ನಮ್ಮ ಮನೆಯಿಂದ ಅರ್ಧ ಗಂಟೆ ದಾರಿಯ ಮಣಿಪಾಲದಿಂದ 1970ರಲ್ಲಿ ಉದಯವಾಣಿ ಹೊರಟಿತು. ಅದರ ದೀಪಾವಳಿ ವಿಶೇಷಾಂಕ ಬರುತ್ತದೆ, ಪ್ರಜಾವಾಣಿಯದು ಕಥಾಸ್ಪರ್ಧೆಯ ಬಹುಮಾನದ ಕಥೆಗಳ ಜೊತೆ ಬರುತ್ತದೆ, ಬೇರೆಯವರದ್ದೂ ಬರುತ್ತವೆ. ‘ಇಲ್ಲದ್ದು ಅಂತ ಏನುಂಟು?’ ಅಂದಳು.

ಏನೂ ಇಲ್ಲದಿಲ್ಲ. ಆದರೂ ನಮ್ಮ ಮನೆಯ ಹಬ್ಬದ ಚಿತ್ರದಲ್ಲಿ ಯಾರೂ ಓದುತ್ತಾ ಕೂತಿಲ್ಲ. ಯಾಕೆ?

ನಾನು ಕಂಡುಕೊಂಡ ಉತ್ತರ ಕೇಳಿದರೆ ನಗಬಹುದು. ತಿಂಡಿ ಕಾರಣ.

ಫರಾಳ್ ಒಣ ತಿಂಡಿ. ಕಾಕೂ ಎಂಟು ದಿನ ಮೊದಲೇ ಚಕ್ಲಿಯ ಭಾಜಣಿ ಹುರಿದು ಗಿರಣಿಗೆ ಕಳಿಸಿರುತ್ತಾರೆ. ಆಮೇಲೆ ದಿನಕ್ಕೊಂದು ಕರಿದು ಡಬ್ಬ ತುಂಬಿಸುತ್ತಾರೆ. ಕೆಲಸ ಕಮ್ಮಿ ಅಂತಲ್ಲ, ಬೆನ್ನು ಬಿದ್ದುಹೋಗುವಷ್ಟು ಕೆಲಸ. ಆದರೆ ಅದು ಹಬ್ಬದ ಮೊದಲು ಮುಗಿಯುತ್ತದೆ. ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆ ಸ್ನಾನ ಆಯಿತೋ, ಡಬ್ಬದ ಮುಚ್ಚಳ ತೆಗೆದರೆ ಆಯಿತು. ಕಾಕೂ ಕಾಲು ಚಾಚಿ ಅಂಕ ಬಿಡಿಸುತ್ತಾರೆ. ಒಂದು ಕೈಯಲ್ಲಿ ಚಕ್ಲಿ, ಇನ್ನೊಂದರಲ್ಲಿ ಪುಟ. ಹದಿನೈದು ದಿನ ಡಬ್ಬವೂ ಕೆಡುವುದಿಲ್ಲ, ಅಂಕವೂ ಮುಗಿಯುವುದಿಲ್ಲ. ಮಕ್ಕಳಿಗೆ ಅಲ್ಲಿ ದೊಡ್ಡ ರಜೆ ಸಿಗುವುದೂ ದೀಪಾವಳಿಗೇ. ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟಿ, ಅದರ ಮೇಲೆ ಶಿವಾಜಿ ಮಹಾರಾಜರನ್ನು ಕೂರಿಸಿ, ಕೈ ತೊಳೆದು ಓದಲು ಬರುತ್ತಾರೆ. ನಮ್ಮಲ್ಲಿ ದಸರೆಗೆ ದೊಡ್ಡ ರಜೆ, ದೀಪಾವಳಿಗೆ ಎರಡೋ ಮೂರೋ ದಿನ.

ಇನ್ನು ನಮ್ಮ ತುಡರ ಪರ್ಬ, ಅಂದರೆ ತುಳುವರ ದೀಪಾವಳಿ ನೋಡಿ. ಬೆಳಿಗ್ಗೆ ನಾಲ್ಕೂವರೆಗೆ ಹಂಡೆಗೆ ಬೆಂಕಿ. ಸ್ನಾನ ಆದವರಿಗೆಲ್ಲ ಬೆಲ್ಲ, ಕಾಯಿ ಕಲಸಿದ ಅವಲಕ್ಕಿ, ಉದ್ದಿನ ದೋಸೆ. ದೋಸೆಯನ್ನು ಮೊದಲೇ ಹೊಯ್ದಿಟ್ಟರೆ ಯಾರೂ ಮುಟ್ಟುವುದಿಲ್ಲ, ಒಬ್ಬೊಬ್ಬರು ಬಂದ ಹಾಗೆ ಕಾವಲಿಯಿಂದಲೇ ಬೀಳಬೇಕು. ಅಷ್ಟರಲ್ಲಿ ಗೋಪೂಜೆಗೆ ಸೌತೆಕಾಯಿ ಗಟ್ಟಿ, ಅಂದರೆ ಎಲೆಯಲ್ಲಿ ಬೇಯಿಸುವ ಕಡುಬು, ಆಗಬೇಕು. ಅಕ್ಕಿ ನೆನೆಹಾಕಿ, ಕಾಯಿ ಬೆಲ್ಲ ಸೇರಿಸಿ ತರಿತರಿಯಾಗಿ ಕಡೆದು, ತುರಿದ ಸೌತೆ ಬೆರೆಸಬೇಕು. ಬಾಳೆಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸಬೇಕು. ಸ್ವಲ್ಪ ಜಾಸ್ತಿಯಾದರೆ ಎಲೆ ಸುಟ್ಟಿತು, ಕಮ್ಮಿಯಾದರೆ ಮಡಚುವಾಗ ಹರಿಯಿತು. ಹಿಟ್ಟು ಹೊಯ್ದು ನಾಲ್ಕು ಮಡಿಕೆ ಮಾಡಿ ಇಡ್ಲಿ ಪಾತ್ರೆಯಲ್ಲಿ ಪೇರಿಸಬೇಕು. ಆವಿಯಲ್ಲಿ ಬೆಂದ ಗಟ್ಟಿಯ ಎಲೆ ಬಿಡಿಸುವಾಗ ಬರುತ್ತದಲ್ಲ, ಆ ಪರಿಮಳಕ್ಕೆ ಪುಣೆಯ ಯಾವ ಕರಂಜಿಯೂ ಸಾಟಿಯಿಲ್ಲ. ಆದರೆ ಅದು ಬಿಸಿ ಇರುವಾಗಲೇ ಚಂದ. ಮರುದಿನಕ್ಕೆ ಅಂಚು ಗಟ್ಟಿಯಾಗುತ್ತದೆ, ಅದರ ಮರುದಿನ ದನಕ್ಕೆ. ಮತ್ತೆ ಹೊಸದು ಕಡೆಯಬೇಕು. ಅಂದರೆ ಮೂರು ದಿನವೂ ಒಬ್ಬರು ಒಲೆಯ ಎದುರೇ. ನಮ್ಮ ಮನೆಯಲ್ಲಿ ಆ ಒಬ್ಬರು ಅಮ್ಮ. ವಿಶೇಷಾಂಕ ಪೇಪರಿನ ಹುಡುಗ ಹಾಕಿದ ಜಾಗದಲ್ಲೇ ಟೀಪಾಯಿಯ ಮೇಲೆ ಬಿದ್ದಿರುತ್ತಿತ್ತು. ನಮ್ಮವರು ಓದುವುದಿಲ್ಲ ಅಂತ ನಾನು ಭಾಷಣ ಮಾಡುತ್ತಿದ್ದಾಗ, ಮನೆಯಲ್ಲಿ ಓದುವ ಆಸೆ ಇದ್ದ ಒಬ್ಬಳೇ ಒಬ್ಬಳು ನನ್ನ ಮೂರನೇ ದೋಸೆ ಹೊಯ್ಯುತ್ತಿದ್ದಳು.

ಇದನ್ನು ಹೇಳಿದ್ದಕ್ಕೆ ಹೆಂಡತಿ, ‘ಇಷ್ಟು ಗೊತ್ತಾಗಲಿಕ್ಕೆ ನಿಮಗೆ ಪುಣೆಗೆ ಬರಬೇಕಾಯ್ತಾ?’ ಅಂದಳು. ಉತ್ತರ ಇರಲಿಲ್ಲ.

ಎರಡನೇ ವರ್ಷ ಇಬ್ಬರಿಗೂ ರಜೆ ಸಿಕ್ಕಿತು. ಇವಳು ಹದಿನೈದು ದಿನ ಮೊದಲೇ ಕಾಕೂ ಹತ್ತಿರ ಹೋಗಿ ಶಂಕರಪಾಳೆ, ಚಿವಡಾ ಕಲಿತು ಎರಡು ಡಬ್ಬ ಮಾಡಿಟ್ಟಳು. ಬಸ್ಸಿನಲ್ಲಿ ಡಬ್ಬ ಮಡಿಲಲ್ಲೇ. ಉಡುಪಿಯಲ್ಲಿ ಇಳಿದು ಮೊದಲು ವಿಶೇಷಾಂಕ ಕೇಳಿದೆವು. ಮೊದಲ ಅಂಗಡಿಯಲ್ಲಿ ಇನ್ನೂ ಬಂದಿಲ್ಲ. ಎರಡನೆಯದರಲ್ಲಿ ಚಿಪ್ಸ್ ಪ್ಯಾಕೆಟಿನ ಸರಗಳ ಹಿಂದೆ ಸಿಕ್ಕಿತು. ‘ನಾಲ್ಕು ಬಂದಿತ್ತು, ಎರಡು ಉಂಟು, ಬೇಕಾ?’ ಎರಡನ್ನೂ ತೆಗೆದುಕೊಂಡೆವು. ಒಂದು ಅಮ್ಮನಿಗೆ, ಒಂದು ಪುಣೆಗೆ. ಅಂಗಡಿಯವರು ನಮ್ಮನ್ನು ವಿಚಿತ್ರವಾಗಿ ನೋಡಿದರು. ಒಂದೇ ಅಂಕವನ್ನು ಎರಡು ಯಾಕೆ ಅಂತ ಇರಬೇಕು.

ಅಮ್ಮ ಡಬ್ಬ ತೆರೆದು ಒಂದು ಶಂಕರಪಾಳೆ ಬಾಯಿಗೆ ಹಾಕಿಕೊಂಡಳು. ‘ಒಳ್ಳೆದುಂಟು. ಆದರೆ ಹಬ್ಬಕ್ಕೆ ಒಣ ತಿಂಡಿ ಎಂತಕ್ಕೆ ಮಾರಾಯ್ತಿ? ಇದು ಬಸ್ಸಲ್ಲಿ ತಿನ್ಲಿಕ್ಕೆ.’

‘ಅತ್ತೆ, ಎರಡು ದಿನ ಇದನ್ನೇ ತಿನ್ನುವ. ಗಟ್ಟಿ ಗೋಪೂಜೆ ದಿನ ಮಾತ್ರ. ಅದನ್ನು ನಾವು ಮಾಡ್ತೇವೆ, ನೀವು ಚಾವಡಿಯಲ್ಲಿ ಕೂತ್ಕೊಳ್ಳಿ.’

‘ನಾವು ಅಂದ್ರೆ? ಇವನಾ?’

ಇವನೇ. ಅಮ್ಮ ಕನ್ನಡಕ ಹಾಕಿ, ಅಂಕ ಹಿಡಿದು ಚಾವಡಿಯಲ್ಲಿ ಕೂತಳು. ಕೂತಳು ಅನ್ನುವುದು ಪೂರ್ತಿ ಸರಿಯಲ್ಲ. ಹತ್ತು ನಿಮಿಷಕ್ಕೊಮ್ಮೆ ಅಡುಗೆಮನೆ ಬಾಗಿಲಿಗೆ ಬಂದು, ಪುಟದ ನಡುವೆ ಬೆರಳಿಟ್ಟುಕೊಂಡು, ‘ಉಪ್ಪು ಹಾಕಿದ್ರಾ?’, ‘ಎಲೆ ಉಲ್ಟಾ ಹಿಡಿದಿದ್ದಿ’, ‘ನೀರು ಉಂಟಾ ಅಡಿಯಲ್ಲಿ?’ ನಾನು ಮಡಚಿದ ಆರು ಗಟ್ಟಿಗಳಲ್ಲಿ ಮೂರು ಸೋರಿದವು. ಬಾಳೆಎಲೆ ಮಡಚುವುದಕ್ಕೂ ಒಂದು ಕೈ ಬೇಕು, ಅದು ಲ್ಯಾಪ್‌ಟಾಪ್ ಮಡಚಿದ ಹಾಗಲ್ಲ. ಮಧ್ಯಾಹ್ನ ಅಮ್ಮ ನನ್ನದನ್ನೇ ಆರಿಸಿ ತಿಂದು, ‘ಬೆಂದದ್ದೇನೋ ಬೆಂದಿದೆ’ ಅಂದಳು. ಮತ್ತೆ ಚಾವಡಿಗೆ ಹೋಗಿ ಬಿಟ್ಟ ಪುಟ ಹುಡುಕಿದಳು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಆ ಸಂಜೆ ಅಪ್ಪ ಗದ್ದೆಯ ಬದುವಿಗೆ ದೀಪ, ಅವಲಕ್ಕಿ, ಹೂ ಒಯ್ದು ಬಲೀಂದ್ರನನ್ನು ಕರೆದರು. ವಾಮನ ತುಳಿದು ಕಳಿಸಿದ ರಾಜ ವರ್ಷಕ್ಕೊಮ್ಮೆ ತನ್ನ ಭೂಮಿ ನೋಡಲು ಬರುತ್ತಾನೆ ಅಂತ ನಮ್ಮ ತುಳುನಾಡಿನ ನಂಬಿಕೆ. ಕರೆಯುವ ತುಳು ಸಾಲುಗಳಲ್ಲಿ ಅವನಿಗೆ ಆಗದ ಹೋಗದ ವಾಯಿದೆಗಳು: ಕಲ್ಲು ಕಾಯಿಯಾಗುವಾಗ, ಉಪ್ಪು ಕರ್ಪೂರವಾಗುವಾಗ, ಉದ್ದು ಮದ್ದಳೆಯಾಗುವಾಗ ಪೂರ್ತಿ ರಾಜ್ಯ ಆಳಲು ಬಾ. ಪ್ರತಿ ಸಲ ಕೊನೆಗೆ ‘ಕೂ’ ಅಂತ ಉದ್ದ ಕೂಗು. ಅಪ್ಪನಿಗೆ ಇದನ್ನು ಯಾರೂ ಬರೆದುಕೊಟ್ಟಿಲ್ಲ, ಅಜ್ಜನಿಂದ ಕೇಳಿದ್ದು. ಉದ್ದು ಮದ್ದಳೆಯಾಗುವ ಸಾಲಿಗೆ ನನ್ನ ಹೆಂಡತಿ ‘ಆಹಾ’ ಅಂದಳು, ಒಳ್ಳೆಯ ಪದ್ಯ ಓದಿದಾಗ ಅನ್ನುತ್ತಾರಲ್ಲ, ಹಾಗೆ. ಆಚೆ ಗದ್ದೆಯಿಂದಲೂ ಒಂದು ‘ಕೂ’ ಬಂತು. ನೂರಾರು ದಿವಾಳಿ ಅಂಕಗಳ ಪುಣೆಯಲ್ಲಿ ನನಗೆ ಈ ಒಂದು ಕೂಗು ಸಿಗುವುದಿಲ್ಲ. ಹಾಗಾಗಿ ಅವರು ಓದುವವರು, ನಾವು ಓದದವರು ಎಂಬ ನನ್ನ ಹಳೆಯ ಭಾಷಣ ಅಲ್ಲಿಗೇ ಮುಗಿಯಿತು. ನಾವು ಕಿವಿಯಿಂದ ಓದಿ ಬೆಳೆದವರು. ಹಬ್ಬ ಕಳೆದರೆ ಯಕ್ಷಗಾನ ಮೇಳಗಳ ತಿರುಗಾಟ, ಮೇ ತಿಂಗಳ ಪತ್ತನಾಜೆಯವರೆಗೆ ರಾತ್ರಿ ರಾತ್ರಿ ಅದೇ ಕೆಲಸ.

ಆದರೂ ಒಂದು ಮಾತು ಬಿಟ್ಟುಕೊಡಲಾರೆ. ಹಬ್ಬದ ಸಾಮಾನಿನ ಚೀಟಿಯಲ್ಲಿ ಬೆಲ್ಲ, ಅವಲಕ್ಕಿ, ಎಳ್ಳೆಣ್ಣೆ ಬರೆಯುವಾಗ ಕೆಳಗೆ ಒಂದು ವಿಶೇಷಾಂಕ ಅಂತಲೂ ಬರೆಯಬೇಕು. ಒಂದು ಕಿಲೋ ಕಾಜು ಬರ್ಫಿಗಿಂತ ಎಷ್ಟೋ ಅಗ್ಗ. ಓದುವ ಜನ ಮನೆಯಲ್ಲಿ ಇದ್ದೇ ಇರುತ್ತಾರೆ, ಅವರನ್ನು ಒಲೆಯ ಹತ್ತಿರದಿಂದ ಸ್ವಲ್ಪ ಎಬ್ಬಿಸಬೇಕು ಅಷ್ಟೇ. ಮರಾಠಿಯವರೂ ಈಗ ಅಂಕದ ತುಂಬ ಜಾಹೀರಾತು, ಮಕ್ಕಳ ಕೈಯಲ್ಲಿ ಮೊಬೈಲು ಅಂತ ಗೊಣಗುತ್ತಾರೆ. ಫರಾಳ್ ಕೂಡ ಅರ್ಧಕ್ಕರ್ಧ ಮಹಿಳಾ ಬಚತ್ ಗಟ್‌ನವರಿಂದ, ಅಂದರೆ ಸ್ವಸಹಾಯ ಸಂಘದವರಿಂದ ತರಿಸುತ್ತಾರೆ. ತರಿಸಲಿ ಬಿಡಿ, ಅಷ್ಟು ಹೊತ್ತು ಕೂರಬಹುದಲ್ವಾ.

ಮರುದಿನ ಮಂಗಳೂರಿಗೆ ಹೋದೆವು. ಹಳೆ ಬಾಕಿ ತೀರಿತು, ಅಳಿಯನಿಗೆ ಒಂದು ಪಂಚೆ ಸಿಕ್ಕಿತು. ಎರಡು ದಿನ ಬಿಟ್ಟು ಪುಣೆ.

ಸಂಕ್ರಾಂತಿಯ ವಾರ ಅಮ್ಮನ ಫೋನು ಬಂತು, ನನಗಲ್ಲ, ಇವಳಿಗೆ. ಅಂಕ ಚಿಕ್ಕಮ್ಮನ ಮನೆ, ಪಕ್ಕದ ಮನೆಯೆಲ್ಲ ಸುತ್ತಿ ಬಂದಿದೆಯಂತೆ. ಈಗ ಕೊನೆಯ ಕಥೆ ಓದಲು ಕೂತರೆ ಅದರ ಕಡೇ ಹಾಳೆಯೇ ಇಲ್ಲ. ವಿಚಾರಿಸಿದರೆ, ಹಬ್ಬದ ಸಂಜೆ ದೀಪದ ಎಣ್ಣೆ ನೆಲಕ್ಕೆ ಸೋರದ ಹಾಗೆ ಅಪ್ಪ ಹಣತೆಯ ಅಡಿಗೆ ಹಾಕಿದ್ದು ಅದೇ ಹಾಳೆ. ‘ನಿಮ್ಮ ಹತ್ರ ಇನ್ನೊಂದು ಉಂಟಲ್ಲ ಮಗಾ, ಅವಳು ಕೊನೆಗೆ ಎಲ್ಲಿಗೆ ಹೋದದ್ದು, ಓದಿ ಹೇಳು.’

ಇವಳು ಅಂಕ ತಂದು ಪುಟ ತೆರೆದು, ಫೋನನ್ನು ಸ್ಪೀಕರಿಗೆ ಹಾಕಿ ಓದಲು ಶುರು ಮಾಡಿದಳು. ಎರಡು ಸಾಲು ಆಗಿರಬೇಕು. ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು.

‘ಒಂಚೂರು ನಿಲ್ಲು’ ಅಂದಳು ಅಮ್ಮ. ‘ಗ್ಯಾಸ್ ಆಫ್ ಮಾಡಿ ಬರ್ತೇನೆ.’