ಒಡೆದೇ ಬಂದ ಕುಂಬಳಕಾಯಿ

ಹೆಬ್ಬೆರಳಿನ ಉಗುರ್ ಸಂದೀಲಿ ಕುಂಕುಮ ಇನ್ನೂ ಹೋಗಿಲ್ಲ, ಸಿಟ್ಟೂ ಹೋಗಿಲ್ಲ. ಆಫೀಸ್ ಆಯುಧ ಪೂಜೆ ಮುಗಿಸ್ಕೊಂಡು ಈಗ ತಾನೇ ಬಂದು ಕೂತಿದೀನಿ.

ಶುರುವಾಗಿದ್ದು ಅಪ್ರೈಸಲ್‌ನಿಂದ. "ಎಲ್ಲಾ ನೀವೇ ಮೈಮೇಲೆ ಎಳ್ಕೋತೀರಾ, ಸ್ವಲ್ಪ ಡೆಲಿಗೇಟ್ ಮಾಡೋದು ಕಲೀರಿ" ಅಂತ ಮ್ಯಾನೇಜರ್ ಸಾಹೇಬ್ರು ಅರ್ಧ ಗಂಟೆ ಬುದ್ಧಿ ಹೇಳಿ, ಹೈಕ್ ಎಷ್ಟು ಅಂತ ಮಾತ್ರ ಹೇಳ್ದೆ ಕಳ್ಸಿದ್ರು. ಹೇಗೆ ಡೆಲಿಗೇಟ್ ಮಾಡೋದು ಅಂತ ತೋರಿಸಿಕೊಟ್ಟೋರೂ ಅವರೇ, ಈ ಸಲದ ಆಯುಧ ಪೂಜೆ ಪೂರ್ತಿ ನನ್ನ ತಲೆಗೆ ಕಟ್ಟಿ.

ಸರಿ, ಕಲ್ತೇ ಬಿಡೋಣ ಅಂತ ಒಂದು ಎಕ್ಸೆಲ್ ಶೀಟ್ ಮಾಡ್ದೆ. ಸೇವಂತಿಗೆ ಹೂವು, ಬಾಳೆಕಂದು, ಮಾವಿನೆಲೆ, ನಿಂಬೆಹಣ್ಣು, ಕಡ್ಲೆಪುರಿ, ಬೂಂದಿ, ಒಂದೊಂದರ ಮುಂದೂ ಒಬ್ಬೊಬ್ಬರ ಹೆಸರು. ವಾಟ್ಸಾಪ್ ಗ್ರೂಪಲ್ಲಿ ಹಾಕಿದ ತಕ್ಷಣ 11 ಜನ ಹೆಬ್ಬೆಟ್ಟು ಒತ್ತಿದ್ರು. ಪ್ರತಿ ವರ್ಷ ನಾನೊಬ್ಬನೇ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಹೋಗಿ, ಕೆಸರಲ್ಲಿ ಒದ್ದಾಡಿ, ಬಾಳೆಕಂದನ್ನ ಸ್ಕೂಟರಿನ ಕಾಲಿಡೋ ಜಾಗದಲ್ಲಿ ನಿಲ್ಲಿಸ್ಕೊಂಡು ಬರ್ತಿದ್ದೆ ನೋಡಿ, ಈ ಸಲ 7 ಗಂಟೆವರೆಗೂ ನಿದ್ದೆ ಹೊಡೆದೆ. ಆಹಾ ಡೆಲಿಗೇಷನ್ನೇ!

ಮಹಾನವಮಿ ದಿನ ರಜೆ, ಹಾಗಾಗಿ ನಮ್ಮದು ಹಿಂದಿನ ದಿನವೇ, 4 ಗಂಟೆ ಕ್ಲೈಂಟ್ ಕಾಲ್ ಒಳಗೆ ಮುಗೀಬೇಕು. 3 ಗಂಟೆಗೆ ಎಲ್ಲಾ ರೆಡಿ. ಸ್ಮೋಕ್ ಡಿಟೆಕ್ಟರ್ ಕೂಗ್ಕೊಳತ್ತೆ ಅಂತ ಕರ್ಪೂರದ ಬದಲು ಬ್ಯಾಟರಿ ದೀಪ. ಯಾವತ್ತೂ ಪೇಪರ್ ಸಿಕ್ಕಿಸ್ಕೊಳೋ ಪ್ರಿಂಟರ್‌ಗೆ ಮೂರು ಬೆರಳಲ್ಲಿ ವಿಭೂತಿ ಬೇರೆ.

"ಕುಂಬಳಕಾಯಿ ಎಲ್ಲಪ್ಪಾ?"

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಇಲ್ಲಿ ಯಾರೂ ಹೆಗಲು ಮುಟ್ಕೊಳ್ಲಿಲ್ಲ, ಎಲ್ಲರೂ ಪಕ್ಕದವನ ಹೆಗಲೇ ನೋಡಿದ್ರು. ಶೀಟಲ್ಲಿ ಹೆಸರಿದ್ದ ಹುಡುಗ ಇನ್ನೊಬ್ಬನಿಗೆ ಹೇಳಿದ್ನಂತೆ, ಅವನು ಇಂಟರ್ನ್‌ಗೆ ದಾಟಿಸಿದ್ನಂತೆ, ಇಂಟರ್ನ್ ಪಾಪ ಯಾರಿಗೆ ದಾಟಿಸ್ತಾನೆ? 10 ನಿಮಿಷದಲ್ಲಿ ತಂದ್ಕೊಡೋ ಆ್ಯಪ್‌ಗೆ. "ಬಂತು ಸಾರ್, ಗೇಟ್ ಹತ್ರ ಇದಾನೆ" ಅಂತ ಓಡಿದ.

ತಂದ. ಪುಟ್ಟ ಕವರು. ಒಳಗೆ ನಾಲ್ಕು ಪ್ಯಾಕೆಟ್. ಬೂದುಗುಂಬಳ, ಸಿಪ್ಪೆ ತೆಗೆದು ಹೋಳು ಮಾಡಿದ್ದು, 250 ಗ್ರಾಂ.

ಇಡೀ ಫ್ಲೋರ್ ಸೈಲೆಂಟು. ಒಡೆಯೋಕೆ ಅಂತ ತರಿಸಿದ ಕುಂಬಳಕಾಯಿ ಅವರೇ ಒಡೆದು, ಬೀಜ ತೆಗೆದು, ತೊಳೆದು ಕಳ್ಸಿದಾರೆ. "ನಾಲ್ಕೂ ಸೇರಿದ್ರೆ ಒಂದು ಕೇಜಿ ಸಾರ್, ಒಂದು ಕಾಯಿ ಆಗತ್ತೆ" ಅಂದ ಇಂಟರ್ನ್, ಲೆಕ್ಕ ಸರಿಯಾಗೇ ಇತ್ತು. ಇದಕ್ಕೆ ತೂತು ಎಲ್ಲಿ ಕೊರೆಯೋದು, ಕುಂಕುಮ ಎಲ್ಲಿ ತುಂಬೋದು, ಕಾಸು ಎಲ್ಲಿ ಹಾಕೋದು? ಒಬ್ಬ ಮೇಲಿನ ಪ್ಲಾಸ್ಟಿಕ್ ಸ್ವಲ್ಪ ಹರಿದು ಒಳಗೆ ತುರುಕೋಣ ಅಂದ. ಇನ್ನೊಬ್ಬಳು ಒಂದು ಪ್ಯಾಕೆಟ್ ನೆಲಕ್ಕೆ ಎತ್ತಿ ಹಾಕಿ ಟೆಸ್ಟ್ ಮಾಡಿದ್ಲು, ಅದು ಪಟಕ್ ಅಂತ ಒಂದು ಸಲ ಪುಟಿದು ಸರ್ವರ್ ರೂಮ್ ಬಾಗಿಲ ಹತ್ರ ಹೋಗಿ ಕೂತ್ಕೊಂತು. ಮ್ಯಾನೇಜರ್ ವಾಚ್ ನೋಡ್ತಾ "ಏನೋ ಒಂದು ಮಾಡಿ ಮುಗಿಸಿ" ಅಂದ್ರು. ಹೌಸ್‌ಕೀಪಿಂಗ್ ಅಕ್ಕ ಒಬ್ರೇ ಪ್ಯಾಕೆಟ್ ಎತ್ಕೊಂಡು ತಿರುಗಿಸಿ ನೋಡಿ ಕೆಲಸದ ಮಾತಾಡಿದ್ದು: "ಎಳೇ ಕಾಯಿ ಸಾರ್, ಮಜ್ಜಿಗೆ ಹುಳಿಗೆ ಚೆನ್ನಾಗಿರತ್ತೆ."

ಕೊನೆಗೆ ಓಡಿದ್ದು ಯಾರು? ನಾನೇ. ಸಿಗ್ನಲ್ ಹತ್ರ ರಾಶಿ ಹಾಕ್ಕೊಂಡು ಕೂತಿದ್ದೋನು ನನ್ನ ಮುಖದ ಬೆವರು ನೋಡೇ ರೇಟ್ ಹೇಳ್ದ, ಚೌಕಾಸಿಗೆ ಟೈಮೆಲ್ಲಿದೆ.

ಬೇಸ್‌ಮೆಂಟ್ ರ‍್ಯಾಂಪಲ್ಲಿ ಆ ಕಾಯಿ ಎರಡೂ ಕೈಲಿ ಹಿಡ್ದಾಗ ಯಾಕೋ ಪೀಣ್ಯ ನೆನಪಾಯ್ತು. ಅಪ್ಪ ಲೇತ್ ಮೆಷಿನ್ ಮೇಲೆ ಕೆಲಸ ಮಾಡ್ತಿದ್ದ ಶೆಡ್ಡು, ನಂಗಾಗ 10 ವರ್ಷ. ಆಯುಧ ಪೂಜೆ ದಿನ ಮೆಷಿನ್‌ಗೆಲ್ಲ ಹೂವು, ಎಣ್ಣೆ ವಾಸನೆ ಜೊತೆ ಊದುಬತ್ತಿ ವಾಸನೆ. ಅಪ್ಪ ಕಾಯಿ ತಂದು ನನ್ ಕೈಲಿಟ್ಟು "ನೀನೇ ಒಡಿ" ಅಂದು ಪಕ್ಕಕ್ಕೆ ಹೋಗಿ ನಿಂತ್ಕೊಂಡ್ರು. ಸೊಟ್ಟ ಬಿತ್ತು, ಎರಡೇ ಹೋಳು, ಕಾಸೆಲ್ಲ ಮೆಷಿನ್ ಅಡಿಗೆ. ಹಿಂಗಲ್ಲ ಹಂಗೆ ಅಂತ ಒಂದ್ ಮಾತು ಆಡ್ಲಿಲ್ಲ, ಕಬ್ಬಿಣದ ಸಲಾಕೆ ಹುಡುಕ್ಕೊಂಡ್ ಬಂದು ನನ್ ಜೊತೆ ನೆಲಕ್ಕೆ ಕೂತು ಕಾಸು ಎಳೆದ್ರು.

"ಸಾರ್ ನಾನು ಒಡೀಲಾ?" ಅಂದ ಇಂಟರ್ನ್. ಕೊಟ್ಟೆ. ಹಾಳಾದೋನು ಚೆನ್ನಾಗೇ ಒಡೆದ, ಎಷ್ಟು ಚೆನ್ನಾಗಿ ಅಂದ್ರೆ ಮ್ಯಾನೇಜರ್ ಕಾರಿನ ನಂಬರ್ ಪ್ಲೇಟ್‌ವರೆಗೂ ಕುಂಕುಮ.

3.55ಕ್ಕೆ ಎಲ್ಲರೂ ಕಡ್ಲೆಪುರಿ ಪೊಟ್ಟಣ ಹಿಡ್ಕೊಂಡು ಲಿಫ್ಟ್ ಹತ್ತಿದ್ರು. ರ‍್ಯಾಂಪಲ್ಲಿ ಹೋಳು ಹೋಳು. ಒಡೆದ ಕುಂಬಳಕಾಯಿ ಮೇಲೆ ಗಾಡಿ ಜಾರಿ ಬೀಳ್ತಾರೆ ಅಂತ ಟ್ರಾಫಿಕ್ ಪೊಲೀಸ್ರು ಹೇಳಿ ಹೇಳಿ ಸುಸ್ತಾಗಿದಾರೆ, ಬಿಟ್ಟು ಹೋಗೋಕೆ ಮನಸ್ಸಾಗ್ಲಿಲ್ಲ. ಶೀಟ್ ತೆಗೆದು ನೋಡ್ದೆ, ಕ್ಲೀನಿಂಗ್ ಅಂತ ಒಂದು ಸಾಲೇ ಹಾಕಿರ್ಲಿಲ್ಲ ನಾನು. ಅಕ್ಕನ ಹತ್ರ ಪೊರಕೆ ಇಸ್ಕೊಂಡೆ.

ನಾಲ್ಕು ಪ್ಯಾಕೆಟ್ ಬ್ಯಾಗಲ್ಲಿ ಹಾಕ್ಕೊಂಡು ಮನೆಗೆ ಬಂದೆ. ಹೆಂಡತಿಗೆ ಖುಷಿಯೋ ಖುಷಿ, "ಅಯ್ಯೋ, ಹೆಚ್ಚೋ ಕೆಲಸಾನೇ ಇಲ್ವಲ್ರೀ!" ಅಂದು ತುರಿಮಣೆ ನನ್ನ ಮುಂದೆ ಇಟ್ಲು.